ಅನಲಾಗ್ ಕೀಬೋರ್ಡ್ ತಗೊಂಡೆ, ಅರ್ಧ ಒತ್ತೋಕೇ ಬರ್ತಿಲ್ಲ

ಅರ್ಧಗ್ಯಾಸ್
ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ ಅಷ್ಟೇ, ಇವತ್ತು ತಲೆ ಕೆಟ್ಟು ಅಕೌಂಟ್ ಮಾಡ್ಕೊಂಡು ಬರೀತಿದೀನಿ.

ಮೂರು ವಾರದ ಹಿಂದೆ ಒಂದು ಅನಲಾಗ್ ಕೀಬೋರ್ಡ್ ತಗೊಂಡೆ, ಮ್ಯಾಗ್ನೆಟಿಕ್ ಸ್ವಿಚ್ ಇರೋದು, ಹಾಲ್ ಎಫೆಕ್ಟ್ ಅಂತಾರಲ್ಲ ಅದು. ಕಂಪನಿ ಹೆಸರು ಬೇಡ, ಜಗಳ ಶುರುವಾಗತ್ತೆ. ತಗೊಂಡಿದ್ದು ಒಂದೇ ಕಾರಣಕ್ಕೆ. ನಾನಾಡೋದು ಓಪನ್ ವರ್ಲ್ಡ್ ಗೇಮ್, ಅದರಲ್ಲಿ ಅರ್ಧ ಹೊತ್ತು ನಡ್ಕೊಂಡು ಗುಂಡು ಹಾರಿಸ್ಬೇಕು ಇನ್ನರ್ಧ ಹೊತ್ತು ಕಾರ್ ಓಡಿಸ್ಬೇಕು, ಗುರಿ ಇಡೋಕೆ ಮೌಸ್ ಬೇಕೇ ಬೇಕು, ಆದ್ರೆ ಮಾಮೂಲಿ ಕೀಬೋರ್ಡಲ್ಲಿ ಕಾರ್ ಓಡ್ಸಿದ್ರೆ ಆಕ್ಸಿಲರೇಟರ್ ಒಂದೋ ಪೂರ್ತಿ ಇಲ್ಲಾ ಸೊನ್ನೆ, ಪ್ರತಿ ತಿರುವಲ್ಲೂ ಕಂಬಕ್ಕೆ ಗುದ್ದೋದು. ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ ಹೋಗೋ ಕೀಬೋರ್ಡ್ ಇದೆ ಅಂತ ಗೊತ್ತಾದಾಗ ಇನ್ನೇನ್ ಬೇಕು ಅನ್ಕೊಂಡೆ.

ಈಗಿನ ಕಥೆ ಕೇಳಿ. ಕಾರ್ ಓಡಿಸ್ತಾ ಮೌಸ್ ಅಲ್ಲಾಡಿಸಿದ್ರೆ ಸ್ಕ್ರೀನ್ ಮೇಲಿನ ಬಟನ್ ಚಿತ್ರಗಳು ಗೇಮ್‌ಪ್ಯಾಡ್ದು ಕೀಬೋರ್ಡ್ದು ಗೇಮ್‌ಪ್ಯಾಡ್ದು ಕೀಬೋರ್ಡ್ದು ಅಂತ ಮಿಣಮಿಣ ಅಂತಿರತ್ತೆ, ಕ್ಯಾಮೆರಾ ಬೇರೆ ಜರ್ಕ್ ಹೊಡಿಯತ್ತೆ. ಇನ್ನು ಎ ಮತ್ತು ಡಿ ಕೀಲಿ ಸ್ಟೀರಿಂಗ್‌ಗೆ ಇಟ್ಟಿದೀನಿ, ಅರ್ಧಕ್ಕೆ ಒತ್ತಿ ಹಿಡಿಯೋಕೆ ಹೋದ್ರೆ ಬೆರಳು ನಡುಗಿ ಕಾರು ಹಾವಿನ ಥರ ಹೋಗತ್ತೆ, ಎರಡು ನಿಮಿಷಕ್ಕೆ ಬೆರಳು ನೋವು. ಇದರ ಮೇಲೆ ಟೈಪ್ ಮಾಡೋವಾಗ ಒತ್ತದೇ ಇರೋ ಅಕ್ಷರಾನೂ ಬೀಳ್ತಿದೆ. ಈ ಪೋಸ್ಟಲ್ಲೇ ಎಷ್ಟು ಅಳಿಸಿ ಬರ್ದಿದೀನೋ ಲೆಕ್ಕ ಇಲ್ಲ.

ನಂದೇ ತಪ್ಪಾ, ಅಥವಾ ಇದು ಆಟಿಕೆನಾ? ಸ್ನೇಹಿತ ನೋಡಿ ನಗ್ತಿದಾನೆ.

ಪ್ಯಾಡ್‌ಪ್ರಿಯ
ವಾಪಸ್ ಕೊಡು, ಗೇಮ್‌ಪ್ಯಾಡ್ ತಗೋ. ಮುಗೀತು.

ಟಕ್‌ಟಕ್
ಮೊದಲನೇ ಉತ್ತರಾನೇ ಇದು ಅಂತ ಗೊತ್ತಿತ್ತು 😂

ಕೀಲಿಕೈ42
ನಿಮಗಿರೋದು ಒಂದು ಕಾಯಿಲೆ ಅಲ್ಲ, ಮೂರು, ಒಂದಕ್ಕೊಂದು ಸಂಬಂಧ ಇಲ್ಲ. ಮಿಣಮಿಣ ಮೊದಲು ನೋಡೋಣ.

ಅನಲಾಗ್ ಕೀಬೋರ್ಡ್‌ಗೆ ಅಂತಾನೇ ಬರ್ದಿರೋ ಗೇಮು ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ. ಅದಕ್ಕೇ ಈ ಕೀಬೋರ್ಡು ಕಂಪ್ಯೂಟರ್‌ಗೆ ಸುಳ್ಳು ಹೇಳತ್ತೆ, ನಾನೊಂದು ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡು ಅಂತ. ನೀವು ಡಬ್ಲ್ಯೂ ಎಷ್ಟು ಆಳಕ್ಕೆ ಒತ್ತಿದ್ರಿ ಅನ್ನೋದನ್ನ ಪ್ಯಾಡಿನ ಬಲಗಡೆ ಟ್ರಿಗರ್, ಅಂದ್ರೆ ತೋರುಬೆರಳಲ್ಲಿ ಎಳೆಯೋ ಗುಂಡಿ, ಎಷ್ಟು ಎಳೆದ್ರಿ ಅನ್ನೋ ಸಂಖ್ಯೆ ಮಾಡಿ ಕಳಿಸತ್ತೆ. ಟ್ರಿಗರ್‌ಗೆ 0 ಇಂದ 255, ಸ್ಟಿಕ್‌ಗೆ -32768 ಇಂದ 32767. ಗೇಮಿಗೆ ಅಲ್ಲಿ ಕೀಬೋರ್ಡ್ ಇದೆ ಅಂತಾನೇ ಗೊತ್ತಿರಲ್ಲ. ಅಷ್ಟರಲ್ಲಿ ನೀವು ಮೌಸ್ ಅಲ್ಲಾಡಿಸ್ತೀರ, ಗೇಮು ಓಹೋ ಪ್ಯಾಡ್ ಬಿಟ್ಟು ಮೌಸ್ ಹಿಡಿದ್ರು ಅಂತ ಚಿತ್ರ ಬದಲಾಯಿಸತ್ತೆ, ಮರುಕ್ಷಣ ಟ್ರಿಗರ್ ಬರತ್ತೆ, ಮತ್ತೆ ವಾಪಸ್. ಗೇಮ್ ಬರೆದವರ ತಲೇಲಿ ಒಬ್ಬ ಮನುಷ್ಯ ಒಂದ್ಸಲಕ್ಕೆ ಒಂದೇ ಸಾಧನ ಹಿಡಿಯೋದು.

ಒಂದು ಕೇಳ್ತೀನಿ, ಸಾಫ್ಟ್‌ವೇರಲ್ಲಿ ಡಬ್ಲ್ಯೂಗೆ ಟ್ರಿಗರ್ ಹಾಕಿದೀರಲ್ಲ, ಅದರ ಜೊತೆ ಮಾಮೂಲಿ ಡಬ್ಲ್ಯೂ ಅಕ್ಷರಾನೂ ಹೋಗ್ತಿದ್ಯಾ? ಅದನ್ನ ಆಫ್ ಮಾಡೋಕೆ ಒಂದು ಟಿಕ್ ಇರತ್ತೆ ನೋಡಿ.

ಅರ್ಧಗ್ಯಾಸ್
ಅಯ್ಯೋ. ಎರಡೂ ಹೋಗ್ತಿತ್ತು. ಈಗ ಆಫ್ ಮಾಡ್ದೆ, ಬರೀ ಕಾರ್ ಓಡಿಸೋವಾಗ ಮಿಣಮಿಣ ನಿಂತೋಯ್ತು! ಆದ್ರೆ ಮೌಸ್ ಮುಟ್ಟಿದ್ರೆ ಮತ್ತೆ ಅದೇ.

ಕೀಲಿಕೈ42
ಅದು ಗೇಮಿನ ಹಣೆಬರಹ. ಕೆಲವು ಗೇಮಲ್ಲಿ ಎರಡೂ ಒಟ್ಟಿಗೆ ಬಂದ್ರೆ ಸುಮ್ನೆ ತಗೊಳತ್ತೆ, ಕೆಲವು ಚಿತ್ರ ಮಾತ್ರ ಬದಲಾಯಿಸತ್ತೆ, ಕೆಲವು ಒಂದನ್ನ ಪೂರ್ತಿ ಕಿವುಡು ಮಾಡಿಬಿಡತ್ತೆ. ಸೆಟ್ಟಿಂಗಲ್ಲಿ ಇನ್‌ಪುಟ್ ಆಟೋ ಅಂತ ಇದ್ರೆ ಅದನ್ನ ಒಂದಕ್ಕೆ ಗಟ್ಟಿ ಮಾಡಿ ನೋಡಿ.

ಬಿಸಿಲಕುದುರಿ
ಇಂಥಾ ಕೀಬೋರ್ಡಿಗೆ ಜನ ಪ್ರೆಶರ್ ಪ್ರೆಶರ್ ಅಂತಿರ್ತಾರ, ಒಂದ್ ಮಾತ್ ಹೇಳ್ತೀನಿ ತಪ್ ತಿಳ್ಕೋಬ್ಯಾಡ್ರಿ. ಈ ಕೀಬೋರ್ಡ್ ಒತ್ತಡ ಅಳಿಯೂದಿಲ್ಲ, ಆಳ ಅಳಿತೈತಿ. ಕೀಲಿ ಕಾಲಿಗೆ ಒಂದ್ ಸಣ್ಣ ಅಯಸ್ಕಾಂತ ಇರತೈತಿ, ಕೆಳಗ ಬೋರ್ಡಿನ್ಯಾಗ ಸೆನ್ಸರ್. ಅಯಸ್ಕಾಂತ ಹತ್ರ ಬಂದಂಗ ಸೆನ್ಸರ್ ವೋಲ್ಟೇಜ್ ಬದಲಾಗತೈತಿ, ಅಷ್ಟ. ಎಡ್ವಿನ್ ಹಾಲ್ ಅನ್ನಾಂವ 1879ರಾಗ ಕಂಡ್ ಹಿಡಿದಿದ್ದು, ಹನಿವೆಲ್ ಕಂಪನಿಯವ್ರು 1960ರ ದಶಕದ ಕೊನಿಗೇ ಇದನ್ನ ಹಾಕಿ ಕೀಬೋರ್ಡ್ ಮಾಡ್ಯಾರ. ಆದ್ರ ಅವು ಬರೀ ಆನ್ ಆಫ್, ಸವೆಯೂದಿಲ್ಲ ಅಂತ ಹಾಕಿದ್ರು, ಆಟಕ್ಕಲ್ಲ.

ಖರೇ ಒತ್ತಡ ಅಳಿಯೂದು ಬ್ಯಾರೆ. ಮೈಕ್ರೋಸಾಫ್ಟ್‌ನವ್ರು 2009ರಾಗ ಒಂದ್ ಮಾದರಿ ತೋರಿಸಿದ್ರು, ಎಷ್ಟ್ ಜೋರಾಗಿ ಒತ್ತತೀರಿ ಅನ್ನೂದನ್ನ ಅಳಿತಿತ್ತು. ಅಂಗಡಿಗೆ ಬರ್ಲಿಲ್ಲ.

ಸುಮ್ನೆಓದುಗ
ಸ್ಪ್ರಿಂಗ್ ಇದ್ಮೇಲೆ ಆಳ ಅಂದ್ರೂ ಒತ್ತಡ ಅಂದ್ರೂ ಒಂದೇ ಅಲ್ವಾ? ಹುಕ್ ನಿಯಮ, ಎಷ್ಟು ಬಲ ಹಾಕಿದ್ರೆ ಅಷ್ಟು ಕುಗ್ಗತ್ತೆ. ಸುಮ್ನೆ ಹೆಸರಿಗೆ ಜಗಳ.

ಬಿಸಿಲಕುದುರಿ
ಅಲ್ರಿ, ಹೆಸರಿನ ಜಗಳ ಅಲ್ಲ ಇದು, ಅರ್ಧಗ್ಯಾಸ್ ಅವ್ರ ಬೆರಳ್ ಯಾಕ ನಡಗತೈತಿ ಅನ್ನೂದ ಇದರಾಗ ಐತಿ. ಒಂದ್ ಸ್ಪ್ರಿಂಗ್ ತಗೋರಿ, ಮ್ಯಾಲ 40 ಗ್ರಾಂ, ತಳಕ್ಕ 60 ಗ್ರಾಂ ಅಂತ ಇಟ್ಕೋರಿ. 4 ಮಿಲಿಮೀಟರ್ ದಾರಿಗೆ ವ್ಯತ್ಯಾಸ ಬರೀ 20 ಗ್ರಾಂ! 39 ಗ್ರಾಂ ಹಾಕಿದ್ರ ಏನೂ ಇಲ್ಲ, 61 ಹಾಕಿದ್ರ ತಳ ಮುಟ್ಟತೈತಿ. ನಡುವ ನಿಲ್ಲಿಸಬೇಕಂದ್ರ ಬೆರಳು 50 ಗ್ರಾಂ ಅಂತ ತೂಗಿ ಹಿಡಿಬೇಕು. ತರಕಾರಿ ತಕ್ಕಡಿನೂ ಅಷ್ಟ್ ಸೂಕ್ಷ್ಮ ಇರೂದಿಲ್ಲ. ತಳ ಮುಟ್ಟಿದ ಮ್ಯಾಲ ಎಷ್ಟ್ ಗುದ್ದಿದ್ರೂ ಕೀಬೋರ್ಡಿಗೆ ಗೊತ್ತಾಗೂದಿಲ್ಲ. ಒತ್ತಡದ ಸೆನ್ಸರ್ ಇದ್ದಿದ್ರ ಅಲ್ಲಿಂದಲೇ ಕೆಲಸ ಶುರುವಾಗ್ತಿತ್ತು.

ಸುಮ್ನೆಓದುಗ
ಹ್ಮ್. ಆ 20 ಗ್ರಾಂ ಲೆಕ್ಕ ನಾನು ಯೋಚನೆ ಮಾಡಿರ್ಲಿಲ್ಲ. ಸರಿ, ಒಪ್ಪಿದೆ.

ಟಕ್‌ಟಕ್
ಈ ವೇದಿಕೇಲಿ ಯಾರೋ ಒಪ್ಪಿದೆ ಅಂದಿದ್ದು ಇದೇ ಮೊದಲು, ಯಾರಾದ್ರೂ ಸ್ಕ್ರೀನ್‌ಶಾಟ್ ತೆಗೀರಪ್ಪ

ಹೆಡ್‌ಶಾಟ್‌ಹೈದ
ಮಗಾ ನೀವೆಲ್ಲ ತಪ್ಪು ಕಾರಣಕ್ಕೆ ತಗೊಂಡಿದೀರಾ. ಅನಲಾಗು ಗಿನಲಾಗು ಯಾರಿಗ್ ಬೇಕು, ಈ ಕೀಬೋರ್ಡ್ ಇರೋದೇ ರ‍್ಯಾಪಿಡ್ ಟ್ರಿಗರ್‌ಗೆ. ಮಾಮೂಲಿ ಮೆಕ್ಯಾನಿಕಲ್ ಸ್ವಿಚ್ಚಲ್ಲಿ 2 ಮಿಲಿಮೀಟರ್ ಹತ್ರ ಒಂದು ಜಾಗ ಇರತ್ತೆ, ಅದು ದಾಟಿದ್ರೆ ಆನ್, ವಾಪಸ್ ಅದರ ಮೇಲೆ ಬಂದ್ರೆ ಮಾತ್ರ ಆಫ್. ನೀನು ತಳ ತನಕ ಒತ್ತಿದ್ರೆ ವಾಪಸ್ ಅಲ್ಲಿ ತನಕ ಬರೋವರ್ಗೂ ಗೇಮಲ್ಲಿ ಓಡ್ತಾನೇ ಇರ್ತೀಯ. ರ‍್ಯಾಪಿಡ್ ಟ್ರಿಗರಲ್ಲಿ ಎಲ್ಲೇ ಇರು, 0.1 ಮಿ.ಮೀ ಬೆರಳು ಎತ್ತಿದ್ರೆ ಆಫ್, 0.1 ಒತ್ತಿದ್ರೆ ಮತ್ತೆ ಆನ್. ಶೂಟಿಂಗ್ ಗೇಮಲ್ಲಿ ಓಡ್ತಿರೋನು ಗಕ್ ಅಂತ ನಿಂತು ಹೊಡೀಬೇಕು, ಅಲ್ಲಿ ಇದು ಚಿನ್ನ. ನಾನು ಹಾಕೊಂಡ್ಮೇಲೆ ಮತ್ತೆ ಹಳೇ ಕೀಬೋರ್ಡ್ ಮುಟ್ಟಿದ್ರೆ ಕೆಸರಲ್ಲಿ ಕಾಲು ಹೂತಂಗಾಗತ್ತೆ.

ಕೀಲಿಕೈ42
ನಿಜ, ಮತ್ತೆ ಇದರಲ್ಲೊಂದು ತಮಾಷೆ ಇದೆ. ವೂಟಿಂಗ್ ಅನ್ನೋ ಕೀಬೋರ್ಡ್ ಕಂಪನಿಯವರು 2016ರಲ್ಲಿ ಕಿಕ್‌ಸ್ಟಾರ್ಟರ್ ಅನ್ನೋ ಚಂದಾ ಎತ್ತೋ ವೆಬ್‌ಸೈಟಲ್ಲಿ ಮೊದಲನೇ ಕೀಬೋರ್ಡ್‌ಗೆ ದುಡ್ಡು ಕೇಳಿದಾಗ ಮಾರಿದ್ದು ಇದೇ ಕನಸು, ಕೀಬೋರ್ಡಲ್ಲಿ ಮೆಲ್ಲಗೆ ನಡೀಬಹುದು ಮೆಲ್ಲಗೆ ಕಾರ್ ಓಡಿಸ್ಬಹುದು ಅಂತ. ಆಗ ಅದು ಅಯಸ್ಕಾಂತಾನೂ ಅಲ್ಲ, ಬೆಳಕಿನ ಸೆನ್ಸರ್. ಕೂಲರ್ ಮಾಸ್ಟರ್ 2019ರಲ್ಲಿ ಎಂಕೆ850 ಬಿಟ್ರು, ಅದರಲ್ಲಿ ಎಂಟೇ ಎಂಟು ಕೀಲಿ ಅನಲಾಗ್. 2021ರಲ್ಲಿ ರೇಝರ್ ಹಂಟ್ಸ್‌ಮನ್ ವಿ2 ಅನಲಾಗ್. ಇಷ್ಟೆಲ್ಲ ಆದ್ರೂ ಜನ ಕ್ಯಾರೇ ಅನ್ಲಿಲ್ಲ. ಯಾವಾಗ ಅದೇ ಅಳತೆ ಇಟ್ಕೊಂಡು ಆನ್ ಆಫನ್ನೇ ಚುರುಕು ಮಾಡಿದ್ರೋ ಆಗ ಮುಗಿಬಿದ್ರು. ಅಂದ್ರೆ ಅನಲಾಗ್ ಕೀಬೋರ್ಡ್ ಗೆದ್ದಿದ್ದು ಡಿಜಿಟಲ್ ಕೆಲಸ ಮಾಡಿ.

ಪ್ಯಾಡ್‌ಪ್ರಿಯ
ಅದೇ ನಾನು ಹೇಳಿದ್ದು. ಅನಲಾಗ್ ಬೇಕಾದ್ರೆ ಪ್ಯಾಡ್.

ಲಾರಿಅಕ್ಕ
ಪ್ಯಾಡ್ ಪ್ಯಾಡ್ ಅನ್ನೋರಿಗೆಲ್ಲ ಒಂದು ದೊಡ್ಡ ನಮಸ್ಕಾರ. ನಾನು ಒಂದು ವರ್ಷದಿಂದ ಅನಲಾಗ್ ಕೀಬೋರ್ಡಲ್ಲೇ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡ್ತಿದೀನಿ, ಅಷ್ಟು ಲಾರಿ ಓಡಿಸಿದ ಅನುಭವದಲ್ಲಿ ಹೇಳ್ತೀನಿ ಕೇಳಿ ಅರ್ಧಗ್ಯಾಸ್, ನೀವು ಮಾಡ್ತಿರೋ ದೊಡ್ಡ ತಪ್ಪು ಸ್ಟೀರಿಂಗನ್ನ ಎ ಡಿ ಮೇಲೆ ಹಾಕಿರೋದು.

ಗ್ಯಾಸ್‌ಗೂ ಸ್ಟೀರಿಂಗ್‌ಗೂ ವ್ಯತ್ಯಾಸ ಇದೆ. ಗ್ಯಾಸು ಸೊನ್ನೆಯಿಂದ ಒಂದೇ ದಿಕ್ಕಿಗೆ ಹೋಗತ್ತೆ, ಕೀಲಿನೂ ಹಂಗೇ, ಜೋಡಿ ಸರಿಹೋಗತ್ತೆ. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಲಾರಿಗೆ ತೂಕ ಇದೆ, ತಕ್ಷಣ ಗೊತ್ತಾಗಲ್ಲ, ಇಂಜಿನ್ ಸದ್ದು ಕೇಳ್ಕೊಂಡು ಬೆರಳು ತಾನೇ ಸರಿಮಾಡ್ಕೊಳತ್ತೆ. ಸ್ಟೀರಿಂಗ್ ಹಂಗಲ್ಲ. ಅದಕ್ಕೆ ನಡುವೆ ಒಂದು ಮನೆ ಇದೆ, ಎಡಕ್ಕೂ ಹೋಗ್ಬೇಕು ಬಲಕ್ಕೂ ಹೋಗ್ಬೇಕು. ಪ್ಯಾಡ್ ಸ್ಟಿಕ್ಕಲ್ಲಿ ಒಂದೇ ಹೆಬ್ಬೆರಳು ನಡುವಿನಿಂದ ಆಚೀಚೆ ತಳ್ಳತ್ತೆ. ಇಲ್ಲಿ ಆ ಮನೆ ಎರಡು ಬೆರಳ ನಡುವೆ ಹರಿದು ಹಂಚಿಹೋಗಿದೆ, ಒಂದು ಎತ್ತಿ ಇನ್ನೊಂದು ಇಳಿಸೋ ಆ ಗಳಿಗೇಲಿ ಲಾರಿ ಯಾರ ಮಾತೂ ಕೇಳಲ್ಲ. ಅದಕ್ಕೇ ನಾನು ಸ್ಟೀರಿಂಗ್ ಮೌಸಿಗೆ ಕೊಟ್ಟಿದೀನಿ, ಈ ಗೇಮಲ್ಲಿ ಆ ಆಯ್ಕೆ ಅದರಲ್ಲೇ ಇದೆ. ಎಡಗೈಲಿ ಗ್ಯಾಸು ಬ್ರೇಕು, ಬಲಗೈಲಿ ಸ್ಟೀರಿಂಗು. ರಿವರ್ಸ್ ತಗೊಂಡು ಟ್ರೇಲರ್ ನಿಲ್ಸೋವಾಗ ಸ್ವರ್ಗ.

ಇನ್ನೊಂದು, ಮೇಲೆ ಅರ್ಧ ಮಿಲಿಮೀಟರ್ ಡೆಡ್‌ಝೋನ್, ಅಂದ್ರೆ ಒತ್ತಿದ್ರೂ ಲೆಕ್ಕಕ್ಕೆ ಬರದ ಜಾಗ, ಬಿಡಿ, ತಳದಲ್ಲೂ ಅಷ್ಟೇ ಬಿಡಿ, ಪೂರ್ತಿ ಗ್ಯಾಸ್ ಬೇಕಂದಾಗ ಕೀಲಿನ ಹಲ್ಲು ಕಚ್ಚಿ ಒತ್ತೋದು ತಪ್ಪತ್ತೆ. ಎಷ್ಟು ಒತ್ತಿದ್ರೆ ಎಷ್ಟು ಗ್ಯಾಸ್ ಅನ್ನೋ ಕರ್ವನ್ನ ಮೊದಲರ್ಧ ಚಪ್ಪಟೆ ಮಾಡಿ, ಅಂದ್ರೆ ಅರ್ಧ ಒತ್ತಿದ್ರೆ ಕಾಲು ಭಾಗ ಮಾತ್ರ ಗ್ಯಾಸ್ ಸಿಗ್ಬೇಕು. ಮತ್ತೆ ಮಣಿಕಟ್ಟು ಊರಿ. ಗಾಳೀಲಿ ಕೈ ಇಟ್ಕೊಂಡು ಅರ್ಧ ಒತ್ತೋಕೆ ಯಾರಪ್ಪನ ಕೈಲೂ ಆಗಲ್ಲ.

ಅರ್ಧಗ್ಯಾಸ್
ಅಕ್ಕಾ ಕಾಲಿಗೆ ಬಿದ್ದೆ. ಗಾಳೀಲೇ ಕೈ ಇಟ್ಕೊಂಡಿದ್ದೆ. ಆದ್ರೆ ನನ್ನ ಗೇಮಲ್ಲಿ ಮೌಸ್ ಸ್ಟೀರಿಂಗ್ ಇಲ್ಲ ☹️

ಸುಮ್ನೆಓದುಗ
ಎ ಮತ್ತು ಡಿ ಎರಡೂ ಒಟ್ಟಿಗೆ ಒತ್ತಿ, ಒಂದರಿಂದ ಇನ್ನೊಂದು ಕಳೆಯೋ ಹಂಗೆ ಮಾಡಕ್ಕಾಗಲ್ವಾ? ಎ 3 ಮಿ.ಮೀ, ಡಿ 2 ಮಿ.ಮೀ ಇದ್ರೆ ಎಡಕ್ಕೆ 1 ಅಂತ. ಎರಡೂ ಬೆರಳು ಕೆಳಗೇ ಇರತ್ತೆ, ನಡುವೆ ಖಾಲಿ ಗಳಿಗೆ ಇರಲ್ಲ.

ಕೀಲಿಕೈ42
ಆಗತ್ತೆ, ಎರಡು ಕೀಲಿನ ಒಂದೇ ಅಕ್ಷಕ್ಕೆ ಹಾಕಿದ್ರೆ ಕಳೆಯೋ ಸಾಫ್ಟ್‌ವೇರ್ ಇದಾವೆ. ಒಂದು ಎಚ್ಚರಿಕೆ, ಡಬ್ಲ್ಯೂ ಎ ಎರಡನ್ನೂ ನಡಿಯೋಕೆ ಸ್ಟಿಕ್ ಮಾಡಿದ್ರೆ ಎರಡೂ ಪೂರ್ತಿ ಒತ್ತಿದಾಗ ಮೂಲೆಗೆ ಹೋಗತ್ತೆ. ನಿಜವಾದ ಸ್ಟಿಕ್ ಓಡಾಡೋದು ವೃತ್ತದಲ್ಲಿ, ಕೀಲಿ ಜೋಡಿ ಮಾಡೋದು ಚೌಕ. ಕೆಲವು ಗೇಮಲ್ಲಿ ಓರೆಯಾಗಿ ನಡೆದ್ರೆ ವೇಗ ಜಾಸ್ತಿ ಬರತ್ತೆ, ಕೆಲವು ಕತ್ತರಿಸಿ ಹಾಕತ್ತೆ.

ಹೆಡ್‌ಶಾಟ್‌ಹೈದ
ಎ ಡಿ ಒಟ್ಟಿಗೆ ಅಂದ ತಕ್ಷಣ ನೆನಪಾಯ್ತು, ಸ್ನ್ಯಾಪ್ ಟ್ಯಾಪ್ ಬಗ್ಗೆ ಯಾರೂ ಮಾತಾಡ್ಲೇ ಇಲ್ವಲ್ಲ. ಎ ಹಿಡ್ಕೊಂಡು ಡಿ ಒತ್ತಿದ್ರೆ ಎ ತಾನೇ ಬಿಟ್ಟೋಗತ್ತೆ, ಕೊನೇಲಿ ಒತ್ತಿದ್ದೇ ಗೆಲ್ಲೋದು. ರೇಝರ್ 2024ರ ಜುಲೈಲಿ ತಂದ್ರು, ಆಗಸ್ಟಲ್ಲಿ ವಾಲ್ವ್ ಕಂಪನಿಯವರು ತಮ್ಮ ಶೂಟಿಂಗ್ ಗೇಮ್ ಕೌಂಟರ್ ಸ್ಟ್ರೈಕ್ 2 ಇಂದ ಒದ್ದು ಹೊರಗೆ ಹಾಕಿದ್ರು. ಅಧಿಕೃತ ಸರ್ವರಲ್ಲಿ ಬಳಸಿದ್ರೆ ಮ್ಯಾಚಿಂದ ಕಿಕ್. ಅನ್ಯಾಯ! ದುಡ್ಡು ಕೊಟ್ಟು ತಗೊಂಡ ಕೀಬೋರ್ಡಿನ ಬಟನ್ ಒತ್ತಿದ್ರೆ ಮೋಸಾನಾ?

ಗುಂಡಿಶೂರ
ಮೋಸಾನೇ. ಎ ಬಿಟ್ಟು ಡಿ ಒತ್ತೋ ಸಮಯ ಸಾಧಿಸೋಕೆ ಜನ ವರ್ಷಗಟ್ಟಲೆ ಬೆವರು ಸುರಿಸಿದಾರೆ. ನೀನು ಬಿಡ್ಲೇ ಇಲ್ಲ, ಕೀಬೋರ್ಡ್ ಬಿಡ್ತು. ಆಡಿದ್ದು ನೀನಾ ಕೀಬೋರ್ಡಾ?

ಹೆಡ್‌ಶಾಟ್‌ಹೈದ
ರ‍್ಯಾಪಿಡ್ ಟ್ರಿಗರಲ್ಲೂ ಕೀಬೋರ್ಡೇ ಸಹಾಯ ಮಾಡತ್ತೆ, ಅದನ್ನ ಬಿಟ್ಟಿದಾರಲ್ಲ?

ಗುಂಡಿಶೂರ
ಅಲ್ಲಿ ಬೆರಳು ಎತ್ತಿದ್ದು ನೀನು. 0.1 ಆದ್ರೂ ಎತ್ತಿದೀಯ. ಬೆರಳು ಹೇಳಿದ್ದನ್ನ ಬೇಗ ಕೇಳಿಸ್ಕೊಳೋದು ಬೇರೆ, ಬೆರಳು ಹೇಳದೇ ಇರೋದನ್ನ ಮಾಡೋದು ಬೇರೆ.

ಹೆಡ್‌ಶಾಟ್‌ಹೈದ
ಹಳೇ ಗೇಮ್‌ಗಳಲ್ಲಿ ನಲ್ ಬೈಂಡ್ ಸ್ಕ್ರಿಪ್ಟ್ ಹಾಕೊಂಡು ಇದನ್ನೇ ಬಿಟ್ಟಿ ಮಾಡ್ತಿದ್ರು, ಆಗ ಯಾರೂ ಅಳ್ಲಿಲ್ಲ

ಗುಂಡಿಶೂರ
ಅತ್ತಿದ್ರು, ನೀನು ಹುಟ್ಟಿರ್ಲಿಲ್ಲ. ಮತ್ತೆ ವಾಲ್ವ್ ಆ ಸ್ಕ್ರಿಪ್ಟ್‌ಗಳನ್ನೂ ಅದೇ ದಿನ ಸೇರಿಸಿ ನಿಲ್ಸಿದ್ದು, ಒಂದೇ ಕೀಲಿಗೆ ಹಾರೋದು ಎಸೆಯೋದು ಎರಡೂ ಕಟ್ಟೋ ಬೈಂಡ್ ಕೂಡ ಹೋಯ್ತು. ಬರೀ ಕೀಬೋರ್ಡ್ ಮೇಲೆ ಹಗೆ ಇದ್ದಿದ್ರೆ ಹಂಗ್ ಮಾಡ್ತಿರ್ಲಿಲ್ಲ.

ನಿರ್ವಾಹಕ
ಸ್ನ್ಯಾಪ್ ಟ್ಯಾಪ್ ಜಗಳಕ್ಕೆ ಬೇರೆ ಥ್ರೆಡ್ ಇದೆ, ಆಗಲೇ ಅರವತ್ತು ಪುಟ ಆಗಿದೆ, ಅಲ್ಲಿ ಹೋಗಿ ಹೊಡ್ದಾಡಿ. ಇಲ್ಲಿ ಪಾಪ ಒಬ್ರು ಕಾರ್ ಓಡಿಸೋಕೆ ಕೇಳ್ತಿದಾರೆ.

ಕಡಲಕಾಗೆ
ಟೈಪಿಂಗಲ್ಲಿ ಅಕ್ಷರ ಬೀಳುವುದಕ್ಕೆ ಯಾರೂ ಹೇಳ್ಲಿಲ್ಲ ಅಲ್ವಾ. ಮಾರಾಯ್ರೆ, ಆಕ್ಚುಯೇಶನ್, ಅಂದ್ರೆ ಎಷ್ಟು ಮಿ.ಮೀ ಇಳಿದ್ರೆ ಒತ್ತಿದ ಲೆಕ್ಕ ಅನ್ನುವುದು, ಎಷ್ಟಕ್ಕೆ ಇಟ್ಟಿದ್ದೀರಿ? 0.1ಕ್ಕೆ ಇಟ್ಟಿದ್ರೆ ಬೆರಳು ಸುಮ್ಮನೆ ಇಟ್ಟರೂ ಒತ್ತಿದ ಲೆಕ್ಕ. ಎರಡು ಪ್ರೊಫೈಲ್ ಮಾಡಿ, ಬರೆಯುವುದಕ್ಕೆ 1.5 ಅಥವಾ 2, ಆಟಕ್ಕೆ ಎಷ್ಟು ಬೇಕೋ ಅಷ್ಟು. ಸ್ಪೇಸ್‌ಬಾರ್ ಮಾತ್ರ ಇನ್ನೂ ಆಳಕ್ಕೆ ಇಡಿ, ಹೆಬ್ಬೆರಳು ಯಾವಾಗಲೂ ಅದರ ಮೇಲೇ ಬಿದ್ದುಕೊಂಡಿರ್ತದೆ.

ಮತ್ತೆ ನನ್ನದೊಂದು ಕಥೆ ಉಂಟು. ಒಂದು ದಿನ ಗೇಮಲ್ಲಿ ನನ್ನ ಮನುಷ್ಯ ತಾನಾಗಿಯೇ ಎಡಕ್ಕೆ ನಡೆಯಲಿಕ್ಕೆ ಶುರು ಮಾಡಿದ. ಕೈ ಕೀಬೋರ್ಡ್ ಮೇಲೆ ಇಲ್ಲ! ಡ್ರೈವರ್ ತೆಗೆದು ಹಾಕಿದೆ, ಫರ್ಮ್‌ವೇರ್ ಹಾಕಿದೆ, ಎರಡು ಸಲ ಕ್ಯಾಲಿಬ್ರೇಟ್ ಮಾಡಿದೆ, ಆಗ ಸರಿ ಆಗ್ತದೆ, ಸಂಜೆಗೆ ಮತ್ತೆ ನಡೆಯುತ್ತಾನೆ. ಕೊನೆಗೆ ನೋಡಿದ್ರೆ ಟ್ಯಾಬ್ಲೆಟ್ ಕವರು. ಕವರ್ ಮುಚ್ಚಲಿಕ್ಕೆ ಅಯಸ್ಕಾಂತ ಇರ್ತದಲ್ಲ, ಸಂಜೆ ಓದಿ ಮುಗಿಸಿ ಅದನ್ನು ಕೀಬೋರ್ಡಿನ ಎಡಮೂಲೆಗೆ ಒರಗಿಸಿ ಇಡ್ತಿದ್ದೆ. ಕೀಬೋರ್ಡಿಗೆ ಎ ಒತ್ತಿದ ಹಾಗೆ ಕಂಡಿದೆ. ಎರಡು ವಾರ ಭೂತ ಅಂತ ತಿಳ್ಕೊಂಡಿದ್ದೆ ನಾನು.

ಟಕ್‌ಟಕ್
ಭೂತ ಬಿಡಿಸೋಕೆ ಕವರ್ ಬಿಡಿಸಿದ್ರೆ ಸಾಕಾಯ್ತು 😂😂

ಪೆಂಗ್ವಿನ್‌ಪುಟ್ಟ
ಲಿನಕ್ಸಲ್ಲಿ ನಡೆಯತ್ತಾ ಇದು?

ಕೀಲಿಕೈ42
ಗೇಮ್‌ಪ್ಯಾಡ್ ವೇಷ ಕೀಬೋರ್ಡ್ ಒಳಗೇ ಹಾಕೋ ಮಾಡೆಲ್ ಆದ್ರೆ ಚುಚ್ಚಿದ ತಕ್ಷಣ ಪ್ಯಾಡ್ ಅಂತ ಕಾಣತ್ತೆ. ಸೆಟ್ಟಿಂಗ್ ಪುಟ ಕ್ರೋಮ್ ಥರದ ಬ್ರೌಸರಲ್ಲಿ ತೆಗೀಬೇಕು, ಅದಕ್ಕೂ ಮುಂಚೆ ಯುಡೆವ್ ಅನ್ನೋ ಲಿನಕ್ಸಿನ ಸಾಧನ ನೋಡ್ಕೊಳೋ ವ್ಯವಸ್ಥೆಗೆ ನಿಯಮ ಬರೆದು ಅನುಮತಿ ಕೊಡಬೇಕು, ಇಲ್ಲಾಂದ್ರೆ ಕೀಬೋರ್ಡ್ ಸಿಗ್ತಿಲ್ಲ ಅನ್ನತ್ತೆ. ವೇಷ ಹಾಕೋದು ವಿಂಡೋಸ್ ಸಾಫ್ಟ್‌ವೇರಿನ ಕೆಲಸ ಆಗಿದ್ರೆ ಕಷ್ಟ.

ಪೆಂಗ್ವಿನ್‌ಪುಟ್ಟ
ಯುಡೆವ್ ಅಂದ್ಮೇಲೆ ಈ ಭಾನುವಾರ ಹೋಯ್ತು ಅಂತ ಅರ್ಥ. ಧನ್ಯವಾದ.

ಹಳೇಕನ್ಸೋಲ್
ಒತ್ತಡದ ಮಾತು ಬಂತಲ್ಲ, ಪ್ಲೇಸ್ಟೇಶನ್ 2ರ ಡ್ಯುಯಲ್‌ಶಾಕ್ 2 ನೆನಪಿದ್ಯಾ ಯಾರಿಗಾದ್ರೂ? 2000ನೇ ಇಸವೀದು. ಅದರಲ್ಲಿ ಚೌಕ ತ್ರಿಕೋನದ ಬಟನ್ನುಗಳೇ ಒತ್ತಡ ಅಳೀತಿದ್ವು. ರೇಸಿಂಗ್ ಗೇಮಲ್ಲಿ ಎಕ್ಸ್ ಬಟನ್ನನ್ನೇ ಮೆಲ್ಲಗೆ ಒತ್ತಿ ಗ್ಯಾಸ್ ಕೊಡ್ತಿದ್ವಿ. ಮೆಟಲ್ ಗೇರ್ ಸಾಲಿಡ್ 2ರಲ್ಲಿ ಚೌಕ ಒತ್ತಿ ಗುರಿ ಇಟ್ಟು ಮೆಲ್ಲಗೆ ಬಿಟ್ರೆ ಬಂದೂಕು ಕೆಳಗಿಳಿಯೋದು, ಫಟ್ ಅಂತ ಬಿಟ್ರೆ ಗುಂಡು ಹಾರೋದು. ನನ್ನ ತಮ್ಮನಿಗೆ ಅದು ಯಾವತ್ತೂ ಬರ್ಲಿಲ್ಲ, ಶರಣಾದವರನ್ನೆಲ್ಲ ಕೊಲ್ತಿದ್ದ.

ಪ್ಲೇಸ್ಟೇಶನ್ 4ರ ಹೊತ್ತಿಗೆ ಆ ಬಟನ್ ತೆಗೆದೇಬಿಟ್ರು, ಯಾರೂ ಬೇಕು ಅನ್ಲಿಲ್ಲ. ಈಗ ಆ ಗೇಮನ್ನ ಕಂಪ್ಯೂಟರಲ್ಲಿ ಹಳೇ ಕನ್ಸೋಲಿನ ವೇಷ ಹಾಕೋ ಎಮ್ಯುಲೇಟರಲ್ಲಿ ಆಡೋಕೆ ಅನಲಾಗ್ ಕೀಬೋರ್ಡ್ ಇಟ್ಕೊಂಡಿದೀನಿ. ನಾನು ಮಾತ್ರ ಅನ್ಸತ್ತೆ ಪ್ರಪಂಚದಲ್ಲಿ.

ಸುಮ್ನೆಓದುಗ
ಅಂದ್ರೆ ಸೋನಿಯವರೇ ಕೋಟಿಗಟ್ಟಲೆ ಜನರ ಕೈಗೆ ಕೊಟ್ರೂ ಜನ ಅರ್ಧ ಒತ್ತೋದು ಕಲೀಲಿಲ್ಲ ಅಂತಾಯ್ತು.

ಹಳೇಕನ್ಸೋಲ್
ಕಲೀಲಿಲ್ಲ ಅಂತಲ್ಲ, ಎಷ್ಟು ಒತ್ತಿದೀನಿ ಅಂತ ಕಾಣ್ತಿರ್ಲಿಲ್ಲ. ಬಟನ್ ಅಲ್ಲಾಡೋದೇ ಇಷ್ಟೇ ಇಷ್ಟು. ಟ್ರಿಗರ್ ಆದ್ರೆ ಬೆರಳು ಎಲ್ಲಿದೆ ಅಂತ ಗೊತ್ತಾಗತ್ತೆ. ಕೀಬೋರ್ಡು ಎರಡರ ನಡುವೆ ಎಲ್ಲೋ ಇದೆ.

ಗುಂಡಿಶೂರ
ಕಂಪನಿಯವರು 0.01 ಮಿ.ಮೀ ನಿಖರತೆ ಅಂತ ಬರೀತಾರಲ್ಲ, ಅದೂ ಇದೇ ಕಥೆ. ಸೆನ್ಸರ್‌ಗೆ ಗೊತ್ತಾಗತ್ತೆ, ಬೆರಳಿಗೆ ಗೊತ್ತಾಗ್ಬೇಕಲ್ಲ. 8000 ಹರ್ಟ್ಝ್ ಪೋಲಿಂಗು, ಅಂದ್ರೆ ಸೆಕೆಂಡಿಗೆ 8000 ಸಲ ಕಂಪ್ಯೂಟರ್‌ಗೆ ವರದಿ ಕೊಡೋದೂ ಅಷ್ಟೇ, 1 ಮಿಲಿಸೆಕೆಂಡ್ ಇದ್ದಿದ್ದು 0.125 ಆಗತ್ತೆ, ಕಾರ್ ಓಡಿಸೋನಿಗೆ ಅದರಿಂದ ಏನೂ ಆಗ್ಬೇಕಾಗಿಲ್ಲ.

ನಿಧಾನಗತಿ
ಇಷ್ಟು ಹೊತ್ತು ಓದ್ತಾ ಇದ್ದೆ, ಒಂದು ಹೇಳ್ಬೇಕು ಅನ್ನಿಸ್ತು. ನನ್ನ ಬಲಗೈ ಹೆಬ್ಬೆರಳಿನ ಕೀಲು ಸವೆದಿದೆ, ಪ್ಯಾಡ್ ಹಿಡಿದು ಹತ್ತು ನಿಮಿಷ ಸ್ಟಿಕ್ ತಳ್ಳಿದ್ರೆ ರಾತ್ರಿ ಪೂರ್ತಿ ನೋವು. ಮಾಮೂಲಿ ಕೀಬೋರ್ಡಲ್ಲಿ ರೇಸಿಂಗ್ ಆಡೋಕೆ ಮಜಾ ಇರ್ಲಿಲ್ಲ, ಬಿಟ್ಟೇಬಿಟ್ಟಿದ್ದೆ. ಈ ಕೀಬೋರ್ಡ್ ಬಂದ್ಮೇಲೆ ಕೈ ಮೇಜಿನ ಮೇಲೆ ಮಲಗಿಸ್ಕೊಂಡೇ ನಾಲ್ಕು ಬೆರಳಲ್ಲಿ ಆಡ್ತೀನಿ. ಪ್ಯಾಡಿನಷ್ಟು ಚೆನ್ನಾಗಿದ್ಯಾ? ಇಲ್ಲ. ಕೊನೇ ಮೂರನೇ ಸ್ಥಾನ ಬರ್ತೀನಿ ಯಾವಾಗ್ಲೂ. ಆದ್ರೆ ಆಡ್ತೀನಿ. ಎ ಡಿ ಎರಡಕ್ಕೂ ಗಟ್ಟಿ ಸ್ಪ್ರಿಂಗಿನ ಸ್ವಿಚ್ ಹಾಕ್ಸಿದೆ, ಆಮೇಲೆ ನಡುಕ ತುಂಬಾ ಕಮ್ಮಿ ಆಯ್ತು. ಬಿಸಿಲಕುದುರಿ ಅವರ 20 ಗ್ರಾಂ ಲೆಕ್ಕ ಓದಿದ್ಮೇಲೆ ಯಾಕೆ ಅಂತ ಇವತ್ತು ಗೊತ್ತಾಯ್ತು.

ಪ್ಯಾಡ್‌ಪ್ರಿಯ
ಇದಕ್ಕೆ ನಾನು ಏನೂ ಹೇಳಲ್ಲ. ಚೆನ್ನಾಗಿ ಆಡಿ.

ಬಿಸಿಲಕುದುರಿ
ನಿಧಾನಗತಿಯವರ, ಗಟ್ಟಿ ಸ್ಪ್ರಿಂಗ್ ಅಂದ್ರ ಶುರೂನ ಗಟ್ಟಿ ಇರೂದಲ್ಲ, ಮ್ಯಾಲಿಂದ ತಳಕ್ಕ ಏರಿಕಿ ಜಾಸ್ತಿ ಇರೂದು ನೋಡ್ರಿ. 35ರಿಂದ 80ಕ್ಕ ಹೋಗೂ ಅಂಥಾದ್ದು ಸಿಕ್ರ ಬೆರಳಿಗೆ ಮೆಟ್ಟಲ ಸಿಕ್ಕಂಗ. 60ರಿಂದ 70 ಇದ್ರ ಬರೇ ಬೆರಳ್ ನೋವು.

ರಾಗಮಾಲಿಕೆ
ಒಂದು ವಿಷಯಾಂತರ, ಕ್ಷಮಿಸಿ. ಇದನ್ನ ಮಿಡಿ ವಾದ್ಯ, ಅಂದ್ರೆ ಕಂಪ್ಯೂಟರ್‌ಗೆ ಸ್ವರ ಕಳಿಸೋ ವಾದ್ಯ, ಮಾಡ್ಕೊಂಡು ನುಡಿಸಿರೋರು ಇದಾರಾ? ಸಂಗೀತದ ಕೀಬೋರ್ಡಲ್ಲಿ ಆಫ್ಟರ್‌ಟಚ್ ಅಂತ ಇರತ್ತೆ, ಕೀಲಿ ತಳ ಮುಟ್ಟಿದ ಮೇಲೂ ಇನ್ನಷ್ಟು ಒತ್ತಿದ್ರೆ ಸ್ವರ ಅಲುಗಾಡತ್ತೆ.

ಕೀಲಿಕೈ42
ಮಾಡಿದೀನಿ, ಎರಡು ಸಂಜೆ. ಪಿಯಾನೋ ಥರ ಎಷ್ಟು ರಭಸವಾಗಿ ಒತ್ತಿದ್ರಿ ಅನ್ನೋದನ್ನ ಲೆಕ್ಕ ಹಾಕ್ಬಹುದು, ಎರಡು ಆಳದ ನಡುವೆ ಎಷ್ಟು ಸಮಯ ಹಿಡೀತು ಅಂತ ನೋಡಿದ್ರೆ ಆಯ್ತು. ನೀವು ಹೇಳೋ ಆಫ್ಟರ್‌ಟಚ್ ಮಾತ್ರ ಬರಲ್ಲ, ತಳದ ಕೆಳಗೆ ಇದಕ್ಕೆ ಕಣ್ಣಿಲ್ಲ. ಪಕ್ಕದ ಮನೆಯವರಿಗೂ ಸಂತೋಷ ಆಗ್ಲಿಲ್ಲ.

ಅರ್ಧಗ್ಯಾಸ್
ಒಂದು ವಾರ ಆಯ್ತು, ವರದಿ ಒಪ್ಪಿಸ್ತಿದೀನಿ.

ಟೈಪಿಂಗ್ ಸರಿಹೋಯ್ತು, 1.8ಕ್ಕೆ ಇಟ್ಟೆ, ಸ್ಪೇಸ್‌ಬಾರ್ 2.5. ಈ ಪೋಸ್ಟಲ್ಲಿ ಒಂದೇ ಒಂದು ಅಕ್ಷರ ಅಳಿಸಿಲ್ಲ ನೋಡಿ.

ಮಿಣಮಿಣಕ್ಕೆ ಬಹಳ ಒದ್ದಾಡಿದೆ. ಇನ್‌ಪುಟ್ಟನ್ನ ಗೇಮ್‌ಪ್ಯಾಡ್‌ಗೆ ಗಟ್ಟಿ ಮಾಡಿದ್ರೆ ಮೌಸ್ ಸತ್ತೋಗತ್ತೆ, ಕೀಬೋರ್ಡ್‌ಗೆ ಗಟ್ಟಿ ಮಾಡಿದ್ರೆ ಅನಲಾಗ್ ಸತ್ತೋಗತ್ತೆ. ಆಮೇಲೆ ಹೊಳೀತು, ನಂಗೆ ಎರಡೂ ಒಂದೇ ಕ್ಷಣದಲ್ಲಿ ಯಾಕೆ ಬೇಕು? ಕಾರಲ್ಲಿರೋವಾಗ ಗುರಿ ಇಡಲ್ಲ, ನಡೆಯೋವಾಗ ಗ್ಯಾಸ್ ಬೇಡ. ಆಟೋಲೇ ಬಿಟ್ಟು, ಎರಡು ಪ್ರೊಫೈಲ್ ಮಾಡ್ದೆ. ಕಾರಿಗೆ ಡಬ್ಲ್ಯೂ ಎಸ್ ಟ್ರಿಗರ್, ಎ ಡಿ ಎಡ ಸ್ಟಿಕ್, ಬಾಣದ ಕೀಲಿಗಳು ಬಲ ಸ್ಟಿಕ್, ಅದರಲ್ಲೇ ಆಚೀಚೆ ನೋಡ್ತೀನಿ, ಮೌಸ್ ಮುಟ್ಟಲ್ಲ. ಕಾರಿಂದ ಇಳಿದ ತಕ್ಷಣ ಒಂದು ಕೀಲಿ ಒತ್ತಿದ್ರೆ ಪೂರ್ತಿ ಮಾಮೂಲಿ ಕೀಬೋರ್ಡ್. ಆ ಕೀಲಿ ಒತ್ತೋದು ಮರೆತು ಎರಡು ಸಲ ಸತ್ತಿದೀನಿ, ಅದು ಬೇರೆ ಲೆಕ್ಕ.

ಸ್ಟೀರಿಂಗ್‌ಗೆ ಸುಮ್ನೆಓದುಗ ಹೇಳಿದ ಕಳೆಯೋ ಉಪಾಯ ಮಾಡಿ ನೋಡ್ದೆ. ಮೊದಲ ದಿನ ಎರಡು ಕೈಲಿ ಬೇರೆ ಬೇರೆ ಚಿತ್ರ ಬರೆದಂಗಿತ್ತು, ಮೂರನೇ ದಿನಕ್ಕೆ ಒಂಥರಾ ಬಂತು. ನೇರ ರಸ್ತೇಲಿ ಹಾವಿನ ಥರ ಹೋಗ್ತಿಲ್ಲ ಈಗ. ಚಿಕ್ಕ ತಿರುವಲ್ಲಿ ಇನ್ನೂ ಪೂರ್ತಿ ಒತ್ತಿಬಿಡ್ತೀನಿ, ಬೆರಳಿಗೆ ಗಾಬರಿ ಆದ್ರೆ ಅದಕ್ಕೆ ಅರ್ಧ ಅನ್ನೋದೇ ಮರೆತುಹೋಗತ್ತೆ. ಗ್ಯಾಸ್ ಮಾತ್ರ ಲಾರಿಅಕ್ಕ ಹೇಳಿದ ಕರ್ವ್ ಹಾಕಿದ್ಮೇಲೆ ಬೆಣ್ಣೆ.

ಲಾರಿಅಕ್ಕ
ಶಭಾಷ್. ಈಗ ಟ್ರೇಲರ್ ಕಟ್ಕೊಂಡು ರಿವರ್ಸ್ ಕಲೀರಿ.

ಪ್ಯಾಡ್‌ಪ್ರಿಯ
ಎರಡು ಪ್ರೊಫೈಲು, ಕರ್ವು, ಕಳೆಯೋದು, ಒಂದು ವಾರ. ಪ್ಯಾಡ್ ಆಗಿದ್ರೆ ಚುಚ್ಚಿ ಆಡೋದು ಅಷ್ಟೇ ಇತ್ತು.

ಅರ್ಧಗ್ಯಾಸ್
ಗುರು, ನೀನು ಹೇಳೋದು ನಿಜ. ವಾಪಸ್ ಕೊಡೋ ಕೊನೇ ದಿನ ನಿನ್ನೆ ಇತ್ತು, ಕೊಡ್ಲಿಲ್ಲ.

ಹೊಸಬ7
ನಮಸ್ತೆ, ನನ್ನ ಹತ್ರ ಮಾಮೂಲಿ ಮೆಕ್ಯಾನಿಕಲ್ ಕೀಬೋರ್ಡ್ ಇದೆ, ಅದಕ್ಕೆ ಈ ಮ್ಯಾಗ್ನೆಟಿಕ್ ಸ್ವಿಚ್ ಚುಚ್ಚಿದ್ರೆ ಅನಲಾಗ್ ಆಗತ್ತಾ?

ಕೀಲಿಕೈ42
ಆಗಲ್ಲ. ಸ್ವಿಚ್ಚಲ್ಲಿರೋದು ಬರೀ ಅಯಸ್ಕಾಂತ, ಅಳೆಯೋ ಸೆನ್ಸರ್ ಬೋರ್ಡಲ್ಲಿರ್ಬೇಕು, ನಿಮ್ಮ ಬೋರ್ಡಲ್ಲಿ ಅದಿಲ್ಲ. ಮ್ಯಾಗ್ನೆಟಿಕ್ ಕೀಬೋರ್ಡ್ ಇದ್ರೂ ಎಲ್ಲ ಸ್ವಿಚ್ ಎಲ್ಲದಕ್ಕೂ ಹೊಂದಲ್ಲ, ಅಯಸ್ಕಾಂತದ ದಿಕ್ಕು ಉಲ್ಟಾ ಇದ್ರೆ ಒತ್ತಿದ್ದೇ ಗೊತ್ತಾಗಲ್ಲ. ತಗೊಳೋ ಮುಂಚೆ ಕೇಳಿ ತಗೊಳಿ.

ಹೊಸಬ7
ಆಗ್ಲೇ ತಗೊಂಡ್ಬಿಟ್ಟೆ, ಎಪ್ಪತ್ತು ಸ್ವಿಚ್ಚು.

ಟಕ್‌ಟಕ್
ಫ್ರಿಜ್ ಮೇಲೆ ಅಂಟಿಸು ಮಗಾ